ಮ್ಯಾಟ್‌ಡಿಪ್ ಮುನ್ನೂರಾ ಒಂದು

2021ರ ಜನವರಿ. ಬೆಂಗಳೂರಿನ ಆಫೀಸು ಇನ್ನೂ ಬಾಗಿಲು ತೆರೆದಿರಲಿಲ್ಲ. ನಾನು ಬ್ಯಾಡಗಿ ತಾಲೂಕಿನ ನಮ್ಮೂರಲ್ಲೇ ಕೂತು ಕೆಲಸ ಮಾಡ್ತಿದ್ದೆ. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಮಾಳಿಗೆ ಹತ್ತಬೇಕು. ಮಾಳಿಗೆ ತುಂಬಾ ಮೆಣಸಿನಕಾಯಿ ಒಣಹಾಕಿದ್ದರು. ಘಾಟಿಗೆ ಸೀನುತ್ತಾ ಮೀಟಿಂಗ್ ಮುಗಿಸೋದು ಅಭ್ಯಾಸ ಆಗಿಹೋಗಿತ್ತು. ಮಾಳಿಗೆಯ ಇನ್ನೊಂದು ಮೂಲೆ ನಮ್ಮ ಅಣ್ಣನ ಮಗಳದ್ದು. ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ಸೀದಾ ಬಿ.ಇ. ಎರಡನೇ ವರ್ಷಕ್ಕೆ ಸೇರಿದ್ದಳು. ಕಾಲೇಜಿನ ಮುಖ ನೋಡಿದ್ದಕ್ಕಿಂತ ಮೊಬೈಲಿನ ಮುಖ ನೋಡಿದ್ದೇ ಹೆಚ್ಚು.

ಒಂದು ದಿನ ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ಅವಳು ಅಂದಳು:

"ಕಾಕಾ, ಈ ಮ್ಯಾಥ್ಸ್ ಪೇಪರ್ ಝೀರೋ ಕ್ರೆಡಿಟ್ ಐತಿ. ಅಂದ್ರ ಇದರ ಮಾರ್ಕ್ಸ್ ಎಲ್ಲಿಗೂ ಕೂಡಂಗಿಲ್ಲ. ಆದ್ರ ಪಾಸ್ ಆಗ್ಲಿಲ್ಲಂದ್ರ ಡಿಗ್ರಿ ಕೊಡಂಗಿಲ್ಲಂತ. ಕಿಮ್ಮತ್ತ ಇಲ್ಲದ್ದು ಇಷ್ಟ್ಯಾಕ ಕಾಡಬೇಕು?"

ಮೊದಲ ಇಂಟರ್ನಲ್‌ನಲ್ಲಿ ಅವಳಿಗೆ ಬಿದ್ದದ್ದು ಬಾಳ ಕಮ್ಮಿ. ಅಣ್ಣ ಆಗಲೇ ಮಾತು ತೆಗೆದಿದ್ದ. "ಮೂರು ವರ್ಷ ಡಿಪ್ಲೊಮಾ ಆಗೇತಲ್ಲ, ಸಾಕು. ಹುಬ್ಬಳ್ಳಿಯೊಳಗ ಯಾವ್ದರ ಕಂಪನಿ ನೋಡೂಣು." ಅಣ್ಣ ಕೆಟ್ಟವನಲ್ಲ. ಫೀಸು ಕಟ್ಟೋನು ಅವನು, ಲೆಕ್ಕ ಹಾಕ್ತಾನೆ. ಆದ್ರೆ ಒಂದು ಝೀರೋ ಕ್ರೆಡಿಟ್ ಪೇಪರ್‌ಗಾಗಿ ಒಂದು ಹುಡುಗಿ ಬಿ.ಇ. ಬಿಡೋದು ನನಗೆ ನುಂಗಲಾಗಲಿಲ್ಲ. ಯಾಕಂದ್ರೆ ಅದೇ ಪೇಪರ್‌ನಲ್ಲಿ ನಾನೂ ಡುಮ್ಕಿ ಹೊಡೆದವನು.

ನನ್ನ ಕಾಲದಲ್ಲಿ ಅದರ ಕೋಡ್ ಮ್ಯಾಟ್‌ಡಿಪ್ 301. ಡಿಪ್ಲೊಮಾದಿಂದ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರಿಗೆ ಮಾತ್ರ. ಪಿಯುಸಿಯಿಂದ ಬಂದವರು ಮೊದಲ ವರ್ಷದಲ್ಲಿ ಎಂ-1, ಎಂ-2 ಬರೆದಿರ್ತಾರೆ. ನಾವು ಆ ವರ್ಷವನ್ನೇ ಹಾರಿ ಬಂದವರು. ಆ ಹಾರಿದ ಗುಂಡಿ ತುಂಬೋಕೆ ಮೂರನೇ ಸೆಮಿಸ್ಟರ್‌ನಲ್ಲಿ 301, ನಾಲ್ಕನೇದರಲ್ಲಿ 401. ಅದೂ ಎಲ್ಲರ ಜೊತೆ ಎಂ-3, ಎಂ-4 ಓದುತ್ತಲೇ. ಅಂದ್ರೆ ಅಡಿಪಾಯ ತೋಡೋದು ಮತ್ತು ಎರಡನೇ ಅಂತಸ್ತಿಗೆ ಸ್ಲ್ಯಾಬ್ ಹಾಕೋದು ಒಂದೇ ದಿನ. ಬೆಳಿಗ್ಗೆ ಎಂ-3 ಕ್ಲಾಸಿನಲ್ಲಿ ಫೋರಿಯರ್ ಸರಣಿ, ಮಧ್ಯಾಹ್ನ ಡಿಪ್ ಕ್ಲಾಸಿನಲ್ಲಿ "ಸಂಕೀರ್ಣ ಸಂಖ್ಯೆ ಅಂದ್ರೆ ಏನು".

ಇದರ ಹೆಸರು ಕೇಳಿದ್ರೆ ನಗು ಬರುತ್ತೆ. ಆಗ ಇದಕ್ಕೆ 'ಅಡ್ವಾನ್ಸ್ಡ್ ಮ್ಯಾಥಮೆಟಿಕ್ಸ್' ಅಂತಿದ್ರು. ಉಳಿದವರು ಮೊದಲ ವರ್ಷದಲ್ಲೇ ಮುಗಿಸಿದ್ದು ನಮಗೆ ಅಡ್ವಾನ್ಸ್ಡ್! 2015ರ ಸ್ಕೀಮ್ ಬಂದಾಗ ಯಾರಿಗೋ ನಾಚಿಕೆಯಾಗಿರಬೇಕು, 'ಅಡಿಷನಲ್ ಮ್ಯಾಥಮೆಟಿಕ್ಸ್' ಅಂತ ಬದಲಾಯಿಸಿದ್ರು. ಅಣ್ಣನ ಮಗಳ ಕಾಲಕ್ಕೆ ಅದು 18ಮ್ಯಾಟ್‌ಡಿಪ್31. ಒಳಗಿಂದು 40 ಅಂಕ, ಹೊರಗಿಂದು 60, ಕ್ರೆಡಿಟ್ ಸೊನ್ನೆ.

ನನ್ನ ಪೇಪರ್ ಹೀಗಿರ್ತಿತ್ತು: ಮೂರು ತಾಸು, ನೂರು ಅಂಕ, ಎಂಟು ಪ್ರಶ್ನೆ, ಯಾವುದಾದರೂ ಐದಕ್ಕೆ ಉತ್ತರ. ಪ್ರತಿ ಪ್ರಶ್ನೆಗೆ ಇಪ್ಪತ್ತು, ಅದರೊಳಗೆ ಎ, ಬಿ, ಸಿ. ಆರು-ಏಳು-ಏಳು. ಮೊದಲ ಪ್ರಶ್ನೆ ಸಾಮಾನ್ಯವಾಗಿ ಸಂಕೀರ್ಣ ಸಂಖ್ಯೆ, ಕೊನೆಯದು ಡಿಫರೆನ್ಷಿಯಲ್ ಸಮೀಕರಣ. ನಡುವೆ ಅವಕಲನ, ಅನುಕಲನ, ರಿಡಕ್ಷನ್ ಫಾರ್ಮುಲಾ. ಹಾಸ್ಟೆಲಿನ ಸೀನಿಯರ್‌ಗಳ ಶಾಸ್ತ್ರ ಇದಕ್ಕಿಂತ ಸರಳ: "ಎಂಟರಲ್ಲಿ ಐದು. ಮೂರನ್ನ ಕೈ ಬಿಡು, ಹುಟ್ಟೇ ಇಲ್ಲ ಅಂತ ತಿಳ್ಕೊ." ನಾನು ಕೈ ಬಿಟ್ಟ ಮೂರರ ಬುಡದಲ್ಲೇ ಉಳಿದ ಐದರ ಬೇರು ಇತ್ತು ಅಂತ ಗೊತ್ತಾಗಿದ್ದು ರಿಸಲ್ಟ್ ದಿನ. 31 ಬಂದಿತ್ತು.

ಅದು ಯಾರ ತಪ್ಪೂ ಅಲ್ಲ, ನಂದೇ. ಆದ್ರೆ ಆಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಉಳೀತು. ಹೈಸ್ಕೂಲಿನ ಲೆಕ್ಕ ಮುಗಿದು ಕ್ಯಾಲ್ಕುಲಸ್ ಶುರುವಾಗೋದರ ನಡುವೆ ಒಂದಿಷ್ಟು ಗಣಿತ ಇದೆಯಲ್ಲ, ಫಲನ, ಲಾಗರಿದಮ್, ತ್ರಿಕೋನಮಿತಿ, ಗ್ರಾಫು, ಅದನ್ನ ಕಲಿಸೋದು ನಮ್ಮಲ್ಲಿ ಯಾರ ಕೆಲಸ? ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಅಂತಲೇ ಒಂದು ಕೋರ್ಸಿದೆ, ಪ್ರಿಕ್ಯಾಲ್ಕುಲಸ್ ಅಂತ. ನಮ್ಮ ಟೀಮಿನ ಒಬ್ಬರ ಮಗ ಅಲ್ಲಿ ಡಿಗ್ರಿಗೆ ಸೇರಿದಾಗ ಪ್ಲೇಸ್‌ಮೆಂಟ್ ಪರೀಕ್ಷೆ ಮಾಡಿ "ನೀನು ಇಲ್ಲಿಂದ ಶುರು ಮಾಡು" ಅಂತ ಆ ಕೋರ್ಸಿಗೆ ಕೂರಿಸಿದ್ರಂತೆ. ಹೋಮ್‌ವರ್ಕಿಗೆ ಒಂದಿಷ್ಟು, ಕ್ವಿಜ್‌ಗೆ ಒಂದಿಷ್ಟು, ಎರಡು ಮೂರು ಮಿಡ್‌ಟರ್ಮ್, ಕೊನೆಗೆ ಫೈನಲ್. ಯಾವುದಕ್ಕೆ ಎಷ್ಟು ತೂಕ ಅಂತ ಮೊದಲ ದಿನವೇ ಹಾಳೆ ಕೊಟ್ಟುಬಿಡ್ತಾರೆ. ಕ್ರೆಡಿಟ್ಟೂ ಸಿಗುತ್ತೆ. ಅಪ್ಪನಿಗೆ ಅವಮಾನ: "ಪಿಯುಸಿ ಲೆಕ್ಕ ಯೂನಿವರ್ಸಿಟಿಯಲ್ಲಾ?" ನನಗೆ ಮಾತ್ರ ಹೊಟ್ಟೆಕಿಚ್ಚು. ನಿನಗೆ ಇಷ್ಟು ಬರಲ್ಲ, ಬಾ ಕೂತ್ಕೋ, ಕಲಿಸ್ತೀವಿ, ಅದಕ್ಕೂ ಲೆಕ್ಕ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ನಮ್ಮ ಕಡೆ ಹೇಳೋರು ಇರಲೇ ಇಲ್ಲವಾ ಅಂತ ನೋಡಿದ್ರೆ, ಇದ್ರು. ಕಥೆ ಸ್ವಲ್ಪ ಹಿಂದಕ್ಕೆ ಹೋಗುತ್ತೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲ 1997ರ ತನಕ ಧಾರವಾಡ ಜಿಲ್ಲೆ. ಅದಕ್ಕೂ ಹಿಂದೆ, ಏಕೀಕರಣದ ತನಕ, ನಾವು ಮುಂಬೈ ಆಡಳಿತದವರು. ಹಾಗಾಗಿ ನಮ್ಮ ಮುತ್ತಜ್ಜಂದಿರ ಪರೀಕ್ಷೆಯ ಚಾವಿ ಮುಂಬೈಯಲ್ಲಿತ್ತು. ಬಾಂಬೆ ಯೂನಿವರ್ಸಿಟಿ ಶುರುವಾಗಿದ್ದು 1857ರಲ್ಲಿ, ಕಲ್ಕತ್ತಾ ಮತ್ತು ಮದ್ರಾಸಿನ ಜೊತೆಗೇ. ಮೂರಕ್ಕೂ ಮಾದರಿ ಲಂಡನ್ ಯೂನಿವರ್ಸಿಟಿ. ಆ ಲಂಡನ್ ಯೂನಿವರ್ಸಿಟಿಯ ವಿಶೇಷ ಏನು ಅಂದ್ರೆ, ಅದು ಆಗ ಪಾಠ ಮಾಡುತ್ತಿರಲಿಲ್ಲ. ಕಾಲೇಜುಗಳು ಕಲಿಸೋವು, ಯೂನಿವರ್ಸಿಟಿ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋದು. ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯ ಅನ್ನೋದು ಹುಟ್ಟಿದ್ದೇ ಹೀಗೆ, ಕಲಿಸೋ ಜಾಗವಾಗಿ ಅಲ್ಲ, ಅಳೆಯೋ ಜಾಗವಾಗಿ. ಈ ಒಂದು ಸಂಗತಿ ತಲೆಯಲ್ಲಿಟ್ಟುಕೊಂಡ್ರೆ ಮುಂದಿನದೆಲ್ಲ ಬಿಡಿಸಿಕೊಳ್ಳುತ್ತೆ.

ಒಳಗೆ ಹೋಗೋಕೆ ಮೆಟ್ರಿಕ್ಯುಲೇಷನ್. ಮುಂಬೈಯಲ್ಲಿ ಮೊದಲ ಮೆಟ್ರಿಕ್ ಪರೀಕ್ಷೆ ನಡೆದದ್ದು 1859ರಲ್ಲಿ. ಮಹಾದೇವ ಗೋವಿಂದ ರಾನಡೆ ಆ ಮೊದಲ ತಂಡದವರು. ಗಣಿತ ಅಂದ್ರೆ ಅಂಕಗಣಿತ, ಬೀಜಗಣಿತ, ಯೂಕ್ಲಿಡ್‌ನ ರೇಖಾಗಣಿತ. ಅದು ಕಡ್ಡಾಯ. ಮುಂದೆ 'ಪ್ರೀವಿಯಸ್', ಆಮೇಲೆ 'ಇಂಟರ್', ಆಮೇಲೆ ಬಿ.ಎ. ನಮ್ಮೂರಲ್ಲಿ ಹಳಬರು ಇವತ್ತಿಗೂ "ಅಂವ ಇಂಟರ್ ತನಕ ಕಲ್ತಾನ" ಅಂತಾರೆ, ಅದು ಇದೇ. ಈ ಇಂಟರ್‌ನಲ್ಲಿ ಕೂತಿತ್ತು ನಾನು ಹುಡುಕುತ್ತಿದ್ದ ನಡುವಿನ ಗಣಿತ. ಪುಸ್ತಕಗಳು ಇಂಗ್ಲೆಂಡಿನವು: ಹಾಲ್ ಮತ್ತು ನೈಟ್ ಅವರ ಹೈಯರ್ ಆಲ್ಜೀಬ್ರಾ, 1887, ಎಸ್.ಎಲ್. ಲೋನಿ ಅವರ ತ್ರಿಕೋನಮಿತಿ, 1893. ಅವರದೇ ನಿರ್ದೇಶಾಂಕ ರೇಖಾಗಣಿತ, 1895. ಇವತ್ತೂ ಐಐಟಿ ಕೋಚಿಂಗಿನ ಹುಡುಗರು ಇದೇ ಲೋನಿ ಕೊಳ್ತಾರೆ. ನೂರಾ ಇಪ್ಪತ್ತೈದು ವರ್ಷಕ್ಕೂ ಹಳೆಯ ಪುಸ್ತಕ ಇನ್ನೂ ಹೊಸದಾಗಿ ಅಚ್ಚಾಗ್ತಿದೆ ಅಂದ್ರೆ, ನಾವು ಬರೆದದ್ದು ಎಷ್ಟು ಕಮ್ಮಿ ಅಂತಲೂ ಅರ್ಥ.

ಮದ್ರಾಸಿನ ಕಡೆ ಇದೇ ಮೆಟ್ಟಿಲಿಗೆ ಎಫ್.ಎ. ಅಂತಿದ್ರು. ಶ್ರೀನಿವಾಸ ರಾಮಾನುಜನ್ ಎರಡು ಸಲ ಜಾರಿದ್ದು ಅಲ್ಲೇ. ಲೆಕ್ಕದಿಂದಲ್ಲ, ಉಳಿದ ವಿಷಯಗಳಿಂದ. ಗಣಿತಕ್ಕೆ ಎಷ್ಟೇ ಬಂದರೂ ಒಟ್ಟು ಪರೀಕ್ಷೆ ಫೇಲ್.

ಧಾರವಾಡಕ್ಕೆ ಸರ್ಕಾರಿ ಕಾಲೇಜು ಬಂದದ್ದು 1917ರಲ್ಲಿ, ಕರ್ನಾಟಕ ಕಾಲೇಜು. ಅದಕ್ಕೂ ಮೊದಲು ಮೆಟ್ರಿಕ್ ಮೇಲೆ ಓದಬೇಕಂದ್ರೆ ಪುಣೆಗೋ ಮುಂಬೈಗೋ ರೈಲು ಹತ್ತಬೇಕಿತ್ತು. ಹತ್ತಿ ಹೋದವರ ಮನೆಗಳಲ್ಲಿ ಒಂದು ಪದ ದಂತಕಥೆಯ ಹಾಗೆ ಓಡಾಡ್ತಿತ್ತು: ರ‍್ಯಾಂಗ್ಲರ್.

ರ‍್ಯಾಂಗ್ಲರ್ ಅಂದ್ರೆ ಕೇಂಬ್ರಿಡ್ಜಿನ ಗಣಿತ ಟ್ರೈಪಾಸ್ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವನು. ಅದರ ಕೆಳಗೆ ಸೀನಿಯರ್ ಆಪ್ಟಿಮೆ, ಅದರ ಕೆಳಗೆ ಜೂನಿಯರ್ ಆಪ್ಟಿಮೆ. ಬರೀ ದರ್ಜೆ ಅಲ್ಲ, ಮೊದಲಿನವನಿಂದ ಕೊನೆಯವನ ತನಕ ಒಬ್ಬೊಬ್ಬರಿಗೂ ನಂಬರು. ಸೆನೆಟ್ ಹೌಸಿನಲ್ಲಿ ಆ ಪಟ್ಟಿ ಗಟ್ಟಿಯಾಗಿ ಓದೋರು. ಮೊದಲನೆಯವನು ಸೀನಿಯರ್ ರ‍್ಯಾಂಗ್ಲರ್, ಅವನ ಹೆಸರು ಪತ್ರಿಕೆಗಳಲ್ಲಿ. ಕೊನೆಯವನಿಗೆ ಗೆಳೆಯರೆಲ್ಲ ಸೇರಿ ಒಂದು ಮರದ ಸವುಟು ಕೊಡೋರು, ಆಳೆತ್ತರದ್ದು! 1899ರಲ್ಲಿ ಪುಣೆಯ ಆರ್.ಪಿ. ಪರಾಂಜಪೆ ಸೀನಿಯರ್ ರ‍್ಯಾಂಗ್ಲರ್ ಆದಾಗ ಮುಂಬೈ ಪ್ರಾಂತವೆಲ್ಲ ಹಬ್ಬ ಮಾಡಿತ್ತು. ಅದರ ಹಿಂದಿನ ವರ್ಷ ನಾಲ್ಕನೆಯವನಾಗಿ ಬಂದವನು ಜಿ.ಎಚ್. ಹಾರ್ಡಿ, ಮುಂದೆ ರಾಮಾನುಜನ್‌ರನ್ನ ಕರೆಸಿಕೊಂಡವನು. ಈ ಪಟ್ಟಿಯ ಹುಚ್ಚು ಇಂಗ್ಲೆಂಡಿನ ಗಣಿತವನ್ನೇ ಹಾಳು ಮಾಡ್ತು ಅಂತ ಹಾರ್ಡಿ ಜೀವಮಾನವಿಡೀ ಬೈತಾನೇ ಇದ್ದ. ಟ್ರೈಪಾಸ್ ಪ್ರಶ್ನೆ ಬಿಡಿಸೋಕೆ ಅಂತಲೇ ಕೋಚ್‌ಗಳಿದ್ರು ಆಗ. ಈಗ ನಮ್ಮಲ್ಲಿ ಕೋಟಾ ಇಲ್ವಾ, ಹಾಗೆ. ಕೊನೆಗೆ 1909ರ ನಂತರ ಕೇಂಬ್ರಿಡ್ಜು ನಂಬರು ಓದೋದನ್ನ ನಿಲ್ಲಿಸಿಬಿಡ್ತು. ದರ್ಜೆ ಉಳೀತು, ರ‍್ಯಾಂಕ್ ಹೋಯ್ತು. ಸವುಟೂ ಹೋಯ್ತು.

ನಾವು ಆ ರ‍್ಯಾಂಕನ್ನ ಇನ್ನೂ ಬಿಟ್ಟಿಲ್ಲ. ಅದು ಬೇರೆ ಮಾತು.

ರ‍್ಯಾಂಗ್ಲರ್‌ಗಳಲ್ಲಿ ನಮ್ಮವರೂ ಒಬ್ಬರಿದ್ದರು, ಡಿ.ಸಿ. ಪಾವಟೆ. ಗೋಕಾಕ ತಾಲೂಕಿನ ಮಮದಾಪುರ ಅನ್ನೋ ಹಳ್ಳಿಯವರು. ಅಲ್ಲಿಂದ ಕೇಂಬ್ರಿಡ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ ರ‍್ಯಾಂಗ್ಲರ್ ಆಗಿ ಬಂದರು. ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯ ದೊಡ್ಡ ಹುದ್ದೆ ನೋಡಿದರು. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ 1954ರಿಂದ 1967ರ ತನಕ ಕುಲಪತಿ. ಧಾರವಾಡದ ಆ ಗುಡ್ಡದ ಮೇಲೆ ವಿಶ್ವವಿದ್ಯಾಲಯ ಎದ್ದು ನಿಂತದ್ದು ಅವರ ಕಾಲದಲ್ಲೇ. ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಅಂದ್ರೆ ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜಿನಂಥ ಕಡೆ ಓದುತ್ತಿದ್ದ ಹುಡುಗರ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಒಬ್ಬ ಗಣಿತಜ್ಞನ ಸಹಿ ಇದ್ದ ಕಾಲ ಒಂದಿತ್ತು.

ತಮಾಷೆ ಏನಂದ್ರೆ, ನಡುವಿನ ಗಣಿತ ವಿಶ್ವವಿದ್ಯಾಲಯದ ಕೈಯಿಂದ ಜಾರೋಕೆ ಶುರುವಾಗಿದ್ದೂ ಆಜುಬಾಜು ಅದೇ ವರ್ಷಗಳಲ್ಲಿ. ಅದು ಪಾವಟೆಯವರ ಮಾಡಿದ್ದಲ್ಲ, ದೇಶದಾದ್ಯಂತ ಬಂದ ಗಾಳಿ. 1952-53ರ ಮುದಲಿಯಾರ್ ಆಯೋಗ ಎರಡು ವರ್ಷದ ಇಂಟರ್ ತೆಗೀರಿ ಅಂತು. ಇಂಟರ್ ಒಡೆದು ಒಂದು ವರ್ಷದ ಪಿಯುಸಿ, ಮೂರು ವರ್ಷದ ಡಿಗ್ರಿ ಆಯ್ತು. ಹೆಸರೇ ನೋಡಿ, ಪ್ರಿ-ಯೂನಿವರ್ಸಿಟಿ. ವಿಶ್ವವಿದ್ಯಾಲಯಕ್ಕೆ 'ಮುಂಚಿನದು'. ಆದ್ರೂ ಆಗಿನ್ನೂ ಅದನ್ನ ನಡೆಸೋದು ವಿಶ್ವವಿದ್ಯಾಲಯವೇ, ಕಲಿಸೋರು ಡಿಗ್ರಿ ಕಾಲೇಜಿನ ಮೇಷ್ಟ್ರುಗಳೇ. 1964-66ರ ಕೊಠಾರಿ ಆಯೋಗ ಹತ್ತು, ಎರಡು, ಮೂರು ಅಂತ ಗೀಟು ಎಳೀತು. 1970ರ ದಶಕದ ಮೊದಲಲ್ಲಿ ನಮ್ಮ ರಾಜ್ಯದಲ್ಲಿ ಪಿಯುಸಿ ಎರಡು ವರ್ಷದ್ದಾಗಿ, ಬೇರೆ ಬೋರ್ಡಿನ ಕೈಗೆ ಹೋಯ್ತು. ಅಲ್ಲಿಗೆ ವಿಶ್ವವಿದ್ಯಾಲಯ ಕೈ ತೊಳೆದುಕೊಂಡ ಹಾಗೆ. "ಕ್ಯಾಲ್ಕುಲಸ್ಸಿಗಿಂತ ಹಿಂದಿನದು ನಮ್ಮ ಸಂಬಂಧ ಅಲ್ಲ, ಕಲಿತೇ ಬನ್ನಿ."

ಪಿಯುಸಿಯಲ್ಲಿ ಕಲಿಸಲಿಲ್ಲ ಅಂತಲ್ಲ. ಕಲಿಸ್ತಾರೆ, ಚೆನ್ನಾಗೇ ಕಲಿಸ್ತಾರೆ. ಆದ್ರೆ 1984ರಿಂದ ಸಿಇಟಿ ಬಂತು. ಎರಡನೇ ಪಿಯುಸಿಯ ಗಣಿತ ಪೇಪರ್‌ನಲ್ಲಿ ಎ ಇಂದ ಇ ತನಕ ಭಾಗಗಳು. ಒಂದು ಅಂಕದ್ದು, ಎರಡರದ್ದು, ಕೊನೆಗೆ ಆಗ ಹತ್ತರದ್ದು ಇರ್ತಿತ್ತು. ಅದರಲ್ಲಿ ಹೆಜ್ಜೆಗೆ ಅಂಕ ಇದೆ, ಅರ್ಧ ದಾರಿ ಹೋಗಿ ನಿಂತವನಿಗೂ ಏನೋ ಸಿಗುತ್ತೆ. ಸಿಇಟಿಯಲ್ಲಿ ಅರವತ್ತು ಪ್ರಶ್ನೆ, ನಾಲ್ಕು ಗೋಲ, ಒಂದನ್ನ ತುಂಬು. ದಾರಿ ಬೇಕಿಲ್ಲ, ಊರು ಸೇರಿದೆಯಾ ಇಲ್ವಾ ಅಷ್ಟೇ. ಪಿಯುಸಿಯ ಅರ್ಧ, ಸಿಇಟಿಯ ಅರ್ಧ ಕೂಡಿಸಿ ಒಂದು ರ‍್ಯಾಂಕು. ಇಂಗ್ಲೆಂಡಿನವರು 1909ರಲ್ಲಿ ಬಿಟ್ಟದ್ದನ್ನ ನಾವು ಕಂಪ್ಯೂಟರ್‌ನಲ್ಲಿ ಮಾಡಿದೆವು. ಒಂದು ನ್ಯಾಯ ಹೇಳಲೇಬೇಕು: ಈ ರ‍್ಯಾಂಕ್ ಇರದಿದ್ದರೆ ದುಡ್ಡಿಲ್ಲದ ಎಷ್ಟೋ ಮನೆಯ ಹುಡುಗರಿಗೆ ಇಂಜಿನಿಯರಿಂಗ್ ಸೀಟು ಕಣ್ಣಿಗೂ ಕಾಣ್ತಿರಲಿಲ್ಲ.

ಇಂಜಿನಿಯರಿಂಗ್ ಕಾಲೇಜುಗಳು ಕೂಡ ಮೊದಲು ಆಯಾ ಪ್ರದೇಶದ ವಿಶ್ವವಿದ್ಯಾಲಯದ ಕೆಳಗೇ ಇದ್ದವು. ಹುಬ್ಬಳ್ಳಿಯ ಬಿ.ವಿ.ಬಿ. 1947ರದ್ದು. ರಾಣೆಬೆನ್ನೂರಿನ ತರಳಬಾಳು ಜಗದ್ಗುರು ಕಾಲೇಜು 1980ರದ್ದು. ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಕಾಲೇಜು ಬರೋಕೆ 2007ರ ತನಕ ಕಾಯಬೇಕಾಯ್ತು. ಅಷ್ಟರಲ್ಲಿ, 1998ರಲ್ಲಿ, ಇಡೀ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳನ್ನ ಒಂದೇ ಛತ್ರಿಯ ಕೆಳಗೆ ತರೋಕೆ ಬೆಳಗಾವಿಯಲ್ಲಿ ವಿಟಿಯು ಹುಟ್ಟಿತ್ತು. ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು. ಅವರು ಮೈಸೂರು ಸೀಮೆಯವರಾದ್ರೂ ಇಂಜಿನಿಯರಿಂಗ್ ಪಾಸು ಮಾಡಿದ್ದು ಪುಣೆಯಲ್ಲಿ, ನಮ್ಮ ಮುತ್ತಜ್ಜಂದಿರ ಅದೇ ಬಾಂಬೆ ಯೂನಿವರ್ಸಿಟಿಯ ಪರೀಕ್ಷೆಯಲ್ಲಿ.

ವಿಟಿಯು ಬಂದಮೇಲೆ ಅಳತೆಯ ಕೋಲು ಎಷ್ಟು ಸಲ ಬದಲಾಯ್ತು ಅಂತ ಹೇಳಿದ್ರೆ ನೀವು ನಗ್ತೀರಿ. ನಾನು ಓದುವಾಗ ಮಾಮೂಲಿ ಪೇಪರ್‌ಗೆ ಹೊರಗಿನ ನೂರು, ಒಳಗಿನ ಇಪ್ಪತ್ತೈದು. ಹೊರಗೆ ಕನಿಷ್ಠ 35, ಎರಡೂ ಕೂಡಿ 50. ಮೂರು ಇಂಟರ್ನಲ್ ಬರೆದು ಅದರಲ್ಲಿ ಚೆನ್ನಾಗಿ ಬಂದ ಎರಡರ ಸರಾಸರಿ. 2015ಕ್ಕೆ 80ಕ್ಕೆ 20, ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿನಲ್ಲಿ ಎರಡು ಪ್ರಶ್ನೆ, ಒಂದನ್ನ ಬರೆಯಲೇಬೇಕು. ಅಲ್ಲಿಗೆ ನಮ್ಮ ಸೀನಿಯರ್‌ಗಳ 'ಎಂಟರಲ್ಲಿ ಐದು' ಶಾಸ್ತ್ರ ಮುಗೀತು. ಯಾವ ಮೂಲೆಯನ್ನೂ ಪೂರ್ತಿ ಕೈ ಬಿಡೋ ಹಾಗಿಲ್ಲ. ಒಳ್ಳೇದೇ ಆಯ್ತು ಅನ್ನೋನು ನಾನು. 2018ಕ್ಕೆ 60ಕ್ಕೆ 40. ಇಷ್ಟೆಲ್ಲ ಬದಲಾದ್ರೂ ಡಿಪ್ಲೊಮಾದವರ ಆ ಪೇಪರ್ ಮಾತ್ರ ಆಗಲೂ ಅಂಗಳದಲ್ಲೇ ನಿಂತಿತ್ತು. ಒಳಗೂ ಇಲ್ಲ, ಹೊರಗೂ ಇಲ್ಲ.

ಬ್ಯಾಡಗಿ ಮಾರ್ಕೆಟಿನಲ್ಲಿ ಅಪ್ಪನ ಜೊತೆ ಲಾಟ್ ಕಾಯ್ತಾ ಕೂತಾಗ ಇದೇ ನೆನಪಾಗೋದು. ದಲಾಲರ ಅಂಗಡಿ ಮುಂದೆ ಚೀಲ ಬಿಚ್ಚಿಟ್ಟಿರ್ತಾರೆ. ಖರೀದಿದಾರ ಬಂದು ಒಂದು ಹಿಡಿ ಎತ್ತಿ, ಮುರಿದು, ಬಣ್ಣ ನೋಡಿ, ಮುಂದಿನ ಲಾಟಿಗೆ ಹೋಗ್ತಾನೆ. ಡಬ್ಬಿ, ಕಡ್ಡಿ, ಬೇರೆ ಬೇರೆ ದರ. ಟೆಂಡರ್ ಬೀಳುತ್ತೆ. ಒಂದು ವರ್ಷದ ಬೆವರಿನ ಬೆಲೆ ಒಂದು ಹಿಡಿಯಿಂದ ತೀರ್ಮಾನ. ಅಪ್ಪ ಅದನ್ನ ಅನ್ಯಾಯ ಅಂತ ಎಂದೂ ಅಂದಿಲ್ಲ. "ಚೀಲದೊಳಗ ಕೈ ಹಾಕಿದಲ್ಲೆಲ್ಲ ಒಂದ ನಮೂನಿ ಇರಬೇಕಪ, ಆಗ ಎಲ್ಲಿ ಹಿಡದ್ರೂ ಭಯ ಇಲ್ಲ" ಅಂತಿದ್ದ. ನನ್ನ ಚೀಲದೊಳಗೆ ಮೇಲೆ ಮಾತ್ರ ಕೆಂಪಗಿತ್ತು.

ಯಾಕೆ ಹಾಗಾಯ್ತು ಅಂದ್ರೆ ಭಾಷೆಯ ಮಾತು ಬರುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತ ಚೆನ್ನಾಗಿ ಬರ್ತಿತ್ತು, ಕನ್ನಡದಲ್ಲಿ. ವರ್ಗಸಮೀಕರಣ, ಕರಣಿ, ಕ್ರಮಯೋಜನೆ, ವಿಕಲ್ಪ. ಡಿಪ್ಲೊಮಾ ಮೊದಲ ಸೆಮಿಸ್ಟರ್‌ನ ಅಪ್ಲೈಡ್ ಮ್ಯಾಥ್ಸ್ ಕ್ಲಾಸಿನಲ್ಲಿ ಸರ್ 'ಸರ್ಡ್' ಅಂದಾಗ ಅದೇನೋ ಹೊಸ ಪ್ರಾಣಿ ಅಂದುಕೊಂಡೆ. ತಿಂಗಳ ಮೇಲೆ ಗೊತ್ತಾಯ್ತು, ಅದು ನಮ್ಮ ಕರಣಿ! ಆ ಒಂದು ಸೆಮಿಸ್ಟರ್‌ನಲ್ಲಿ ಡಿಟರ್ಮಿನೆಂಟ್, ದ್ವಿಪದ ಪ್ರಮೇಯ, ಲಾಗರಿದಮ್, ವೆಕ್ಟರ್, ತ್ರಿಕೋನಮಿತಿ ಎಲ್ಲ ಬರ್ತಿದ್ದವು. ಹೌದು, ಅದೇ ನಮ್ಮ ಪ್ರಿಕ್ಯಾಲ್ಕುಲಸ್. ಅಮೆರಿಕದ ಹುಡುಗ ಒಂದು ಸೆಮಿಸ್ಟರ್ ಕೂತು ಕಲೀತಿದ್ದದ್ದನ್ನೇ ನಾವೂ ಒಂದು ಸೆಮಿಸ್ಟರ್ ಕೂತಿದ್ದೆವು. ಆದ್ರೆ ನಾವು ಕಲೀತಿದ್ದದ್ದು ಎರಡು: ಗಣಿತ ಮತ್ತು ಇಂಗ್ಲಿಷು. ಅಂಕ ಮಾತ್ರ ಒಂದಕ್ಕೆ. ಸೈನ್ ಥೀಟಾ ಅನ್ನೋದನ್ನ ನಾನು ಮೊದಲ ಸಲ ನೋಡಿದ್ದೂ ಅಲ್ಲೇ. ಬಾಯಿಪಾಠ ಮಾಡಿ ದಾಟಿಬಿಟ್ಟೆ.

ಶಾಲೆಯಲ್ಲಿ ಕನ್ನಡಕ್ಕೆ ಎಷ್ಟು ಅಂಕ ಅನ್ನೋ ಜಗಳ ನಮ್ಮ ರಾಜ್ಯವನ್ನೇ ಅಲ್ಲಾಡಿಸಿತ್ತು. ಆ ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ನಮ್ಮ ಸವಣೂರಿನಲ್ಲೇ, 1909ರಲ್ಲಿ. ಕನ್ನಡ ಮೊದಲ ಭಾಷೆ, 150 ಅಂಕ ಅಂತ ವರದಿ. ಅದಕ್ಕಾಗಿ ಜನ ಬೀದಿಗಿಳಿದರು, ರಾಜಕುಮಾರ್ ಮುಂದೆ ನಿಂತರು. ಭಾಷೆಯ ಅಂಕ ಸಿಕ್ತು. ಆದ್ರೆ ಕನ್ನಡದಲ್ಲಿ ಕಲಿತ ಗಣಿತ ಕಾಲೇಜಿನ ಬಾಗಿಲಲ್ಲಿ ಬಟ್ಟೆ ಬದಲಿಸಬೇಕಲ್ಲ, ಆ ಜಾಗದಲ್ಲಿ ಯಾರೂ ನಿಂತಿರಲಿಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದ ನಾಡು ಇದು. ಅದಕ್ಕೂ ಮುನ್ನೂರು ವರ್ಷ ಹಿಂದೆ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಒಂದು ಮಾತು ಹೇಳಿದ್ದಾನೆ: ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ. ಮ್ಯಾಟ್‌ಡಿಪ್‌ನ ಮೊದಲ ಪ್ರಶ್ನೆ ಶುರುವಾಗೋದೇ ಆ ಇಲ್ಲದ ವರ್ಗಮೂಲದಿಂದ. ಯಾರಾದರೂ ನನಗೆ ಈ ಕಥೆ ಹೇಳಿ ಆ ಅಧ್ಯಾಯ ಶುರು ಮಾಡಿದ್ದರೆ ನಾನು ಅಷ್ಟು ಹೆದರ್ತಿರಲಿಲ್ಲ.

ಎರಡನೇ ಸಲ ನಾನು ಪಾಸಾದದ್ದು ಹೇಗೆ ಅಂದ್ರೆ, ಹಿಂದಕ್ಕೆ ಹೋದೆ. ಹಾಸ್ಟೆಲಿನಲ್ಲಿ ಡಿಪ್ಲೊಮಾದಿಂದ ಬಂದ ನಾಲ್ಕು ಜನ ಸೇರಿ, ರಜೆಯಲ್ಲಿ ಅಪ್ಲೈಡ್ ಮ್ಯಾಥ್ಸ್ ಒಂದನ್ನ ಮೊದಲಿಂದ ಬಿಡಿಸಿದೆವು. ಸೂತ್ರದ ಪಟ್ಟಿ ಮುಚ್ಚಿಟ್ಟು, ತ್ರಿಕೋನ ಬರೆದು, ಪ್ರತಿಯೊಂದು ಎಲ್ಲಿಂದ ಬಂತು ಅಂತ. ಬೈಯ್ಯೋದೂ ಕನ್ನಡ, ಬಿಡಿಸೋದೂ ಕನ್ನಡ. ಆ ಸಲ 52 ಬಂತು. ಆ 52 ನನ್ನ ಪರ್ಸೆಂಟೇಜಿಗೆ ಸೇರಲಿಲ್ಲ, ಇಂಟರ್‌ವ್ಯೂನಲ್ಲಿ ಯಾರೂ ಕೇಳಲಿಲ್ಲ. ನನ್ನ ಎಲ್ಲ ಅಂಕಗಳಲ್ಲಿ ನಾನೇ ದುಡಿದದ್ದು ಅಂತ ಎದೆ ತಟ್ಟಿ ಹೇಳೋದು ಅದೊಂದನ್ನೇ.

ಅಣ್ಣನ ಹತ್ತಿರ ನಾನು ಚರಿತ್ರೆ ಬಿಚ್ಚಲಿಲ್ಲ. "ಈ ಸೆಮ್ ಮುಗಿಯೂತನಕ ಸುಮ್ಮನಿರು, ಫೀಸಿನ ಮಾತು ಆಮೇಲೆ ನೋಡೂಣು" ಅಂದೆ, ಅಷ್ಟೇ. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೆಣಸಿನಕಾಯಿ ಹರವೋಕೆ ಹೋದ. ನಾನು ಅಟ್ಟದಿಂದ ನನ್ನ ಹಳೇ ಕ್ಲಾರ್ಕ್ಸ್ ಟೇಬಲ್ ಹುಡುಕಿ ತಂದೆ. ಬೆನ್ನು ಕಿತ್ತಿತ್ತು, ಅಂಚು ಗೆದ್ದಲು ತಿಂದಿತ್ತು, ನಂಬರುಗಳು ಕಾಣ್ತಿದ್ದವು.

"ಇದೇನ ಕಾಕಾ, ಪಂಚಾಂಗ ಇದ್ದಂಗೈತಿ."

"ಹಂಗ ಅಂತ ತಿಳಕೋ. ಎರಡರ ಲಾಗ್ ನೋಡು."

"0.3010."

"ಮೂರರದ್ದು?"

"0.4771."

ಕೂಡಿಸು ಅಂದೆ. ಕೂಡಿಸಿದಳು, 0.7781. ಎರಡು ಮೂರಲೇ ಎಷ್ಟು ಅಂದೆ. ಆರು ಅಂತ ನನ್ನನ್ನ ಹುಚ್ಚನ ಹಾಗೆ ನೋಡಿದಳು. ಹಾಗಾದ್ರೆ ಆಂಟಿಲಾಗ್ ತೆಗೆ, ಆರು ಬರ್ತದೋ ಇಲ್ಲೋ ನೋಡು, ಗುಣಾಕಾರ ಹೆಂಗ ಕೂಡಿಸೋದಾತು ಅಂತ ನೀನೇ ಹೇಳು ಅಂದೆ. ಸಾಲಿನ ಮೇಲೆ ಬೆರಳಿಟ್ಟು ಹೋದಳು. ಏಳು ಏಳು, ಎಂಟರ ಕೆಳಗೆ, ಒಂದರ ವ್ಯತ್ಯಾಸ ಸೇರಿಸಿ ಬರೆದಳು. ಬಾಳ ಹೊತ್ತು ಅದನ್ನೇ ನೋಡಿದಳು.

"ಕಾಕಾ, ಆರು ಬರ್ಲಿಲ್ಲ. 5.999 ಬಂತು. ಇದಕ್ಕ ಮಾರ್ಕ್ಸ್ ಕೊಡ್ತಾರೇನು?"